ದೀಪದ ಮೇಲಿನ ಬೊಟ್ಟು

"ಸರ್ವರ್ ಮಲಗ್ಬುಡ್ತು ಕಣ್ರೀ, ಬೇಗ ಬನ್ನಿ," ಎಂದು ನಯನಾ ಫೋನ್ ಮಾಡಿದಾಗ ಸಿದ್ದು ರಾಜೀವನಗರದಲ್ಲಿ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ. ಅದನ್ನು ಹಾಗೇ ಮುಚ್ಚಿಟ್ಟು ಬೈಕ್ ಹತ್ತಿದ. ಶ್ರೀರಾಂಪುರದ ಅವಳ ಫೋಟೋ ಸ್ಟುಡಿಯೋದಿಂದ ಕರೆ ಬಂದರೆ ಅವನಿಗೆ ಊರಿನ ಸಿಗ್ನಲ್‌ಗಳೆಲ್ಲ ಹಸಿರಾಗಿಯೇ ಕಾಣುತ್ತಿದ್ದವು.

ಒಳಗೆ ಹೋದರೆ ನಯನಾಳ ಮೂಗಿನ ತುದಿ ಕೆಂಪಾಗಿತ್ತು. ಅತ್ತಿದ್ದಾಳೆ ಎಂದು ತಿಳಿದು ಅವನು ನೇರ ಸರ್ವರ್ ಪೆಟ್ಟಿಗೆಯ ಹತ್ತಿರ ಹೋದ.

"ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಆಮೇಲೆ ಇದು ಏಳ್ತಾನೇ ಇಲ್ಲ. ಹೋದ ವಾರ ತೆಗ್ದಿದ್ದ ಭವ್ಯಶ್ರೀ ಮದುವೆ ಫೋಟೋ ಪೂರ್ತಿ ಇದ್ರಲ್ಲೇ ಇರೋದು. ಕ್ಯಾಮೆರಾ ಕಾರ್ಡ್ ಬೇರೆ ಅಳಿಸ್ಬುಟ್ಟಿದೀನಿ. ಇನ್ನೊಂದ್ಸಲ ಮದುವೆ ಮಾಡ್ಕೊಳಿ ಅನ್ನಕ್ಕಾಗುತ್ತಾ?"

"ಗಂಡ ಒಪ್ಪಿದ್ರೆ ಮಾಡ್ಸೋಣ ಬುಡಿ."

"ತಮಾಷೆ ಸಾಕು," ಎಂದಳು. ಆದರೂ ತುಟಿಯಂಚಿನಲ್ಲಿ ನಗು ಇಣುಕಿತು. ಅವನಿಗೆ ಅಷ್ಟು ಸಾಕಾಗಿತ್ತು.

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಬರುತ್ತಿತ್ತು, ಕನ್ನಡಿ ಹಿಡಿದಂತೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಸಿದ್ದುವೇ ಜೋಡಿಸಿಕೊಟ್ಟಿದ್ದ.

"ಎರಡ್ರಲ್ಲಿರೋದೂ ತಾಳೆ ಆಗ್ತಿಲ್ಲ, ಅದಕ್ಕೇ ಏಳ್ತಿಲ್ಲ. ಒಂದು ಯಾವತ್ತೋ ಕೆಟ್ಟಿದೆ. ಯಾವುದು ಅಂತ ಗೊತ್ತಾಗ್ಬೇಕು. ಕೆಟ್ಟಿರೋದನ್ನ ನಂಬಿ ಕಾಪಿ ಮಾಡಿದ್ರೆ ಒಳ್ಳೇದ್ರಲ್ಲಿರೋ ಮದುವೇನೂ ಅಳಿಸ್ಹೋಗುತ್ತೆ. ಕೆಟ್ಟಿದ್ರೆ ಕೆಂಪು ದೀಪ ಹತ್ತಿರ್ಬೇಕಿತ್ತಲ್ಲ?"

ಬಗ್ಗಿ ನೋಡಿದ. ಮೇಲಿನ ಡಿಸ್ಕಿನ ದೀಪ ಹಸಿರಾಗಿತ್ತು. ಕೆಳಗಿನದರ ದೀಪ ಇರಬೇಕಾದ ಜಾಗದಲ್ಲಿ ಒಣಗಿ ಗಟ್ಟಿಯಾದ ಅರಿಶಿನ-ಕುಂಕುಮದ ಬೊಟ್ಟಿತ್ತು, ಆಯುಧಪೂಜೆಯದು. ಉಗುರಿನಿಂದ ಕೆರೆದ. ಅಡಿಯಲ್ಲಿ ಕೆಂಪು ದೀಪ ಪಿಳಿಪಿಳಿ ಎನ್ನುತ್ತಿತ್ತು. ಪಾಪ, ದಸರೆಯಿಂದಲೂ ಹಾಗೇ ಎನ್ನುತ್ತಿತ್ತೋ ಏನೋ, ಯಾರಿಗೂ ಕಂಡಿರಲಿಲ್ಲ.

ಕೆಳಗಿನದನ್ನು ಎಳೆದುಹಾಕಿ, ಮೇಲಿನದರಿಂದಲೇ ಸರ್ವರ್ ಎಬ್ಬಿಸಿದ. ನಯನಾ ಹಿಂದೆ ನಿಂತು ಅವನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವಳ ಬಳೆ ಅವನ ಹೆಗಲಿಗೆ ತಾಗುತ್ತಿತ್ತು. ಪರದೆ ಬೆಳಗಿತು. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಭವ್ಯಶ್ರೀ ಹೊಸ ಗಂಡನ ಪೇಟ ತಾನು ಹಾಕಿಕೊಂಡು ನಗುತ್ತಿದ್ದಳು.

"ಬಂತು!" ನಯನಾ ಅವನ ಹೆಗಲು ಹಿಡಿದು ಅಲ್ಲಾಡಿಸಿದಳು. ಆಮೇಲೆ ಕೈ ತೆಗೆಯುವುದನ್ನು ಮರೆತಳು.

"ಅಷ್ಟು ದೊಡ್ಡ ಪೆಟ್ಟಿಗೇಲಿ ದೀಪದ ಮೇಲೇ ಬೊಟ್ಟಿಟ್ಟ ಪುಣ್ಯಾತ್ಮರು ಯಾರು?" ಎಂದ ಸಿದ್ದು.

"ನಾನೇ."

"ನೋಡ್ಕೊಂಡು ಇಡಬಾರ್ದಾ?"

"ನೋಡ್ತಾನೇ ಇದ್ದೆ. ಪೆಟ್ಟಿಗೇನಲ್ಲ." ಅವಳ ದನಿ ತಗ್ಗಿತು. "ಅವತ್ತು ಪೂಜೆಗೆ ಅಂತ ಪಂಚೆ ಉಟ್ಕೊಂಡು ಬಂದು ಬಾಗಿಲಲ್ಲಿ ನಿಂತಿದ್ರಲ್ಲ, ನಿಮ್ಮನ್ನ."

ಸಿದ್ದು ಚೀಲದಿಂದ ಹೊಸ ಡಿಸ್ಕ್ ತೆಗೆದ. ಅದನ್ನು ಕೂರಿಸುವಾಗ ಸ್ಕ್ರೂ ಕೈಜಾರಿ ಬಿತ್ತು. ಎತ್ತಿಕೊಡಲು ಅವಳೂ ಬಗ್ಗಿದಳು.

"ಆ ಪಂಚೆ ನಮ್ಮಪ್ಪಂದು," ಎಂದ ಕೊನೆಗೆ. "ನೀವು ಕರೆದ್ರಿ ಅಂತ ಬೇಡಿ ಇಸ್ಕೊಂಡಿದ್ದೆ. ದಾರಿಯುದ್ದಕ್ಕೂ ಬೈಕ್ ಮೇಲೆ ಒಂದು ಕೈಯಲ್ಲಿ ಹಿಡ್ಕೊಂಡೇ ಬಂದೆ ಕಣ್ರೀ."

ನಯನಾ ಜೋರಾಗಿ ನಕ್ಕಳು. ಈಗ ಮೂಗಿನ ಜೊತೆ ಕೆನ್ನೆಯೂ ಕೆಂಪಾಗಿತ್ತು.

"ಹೊಸದಕ್ಕೆ ಕಾಪಿ ಆಗಕ್ಕೆ ಎಷ್ಟೊತ್ತು ಹಿಡಿಯುತ್ತೆ?"

"ಸಾಯಂಕಾಲ ಆಗುತ್ತೆ."

"ಅಲ್ಲೀವರ್ಗೂ ನೀವು ಇಲ್ಲೇ ಇರ್ಬೇಕಾ?"

ಸುಳ್ಳು ಹೇಳಬಹುದಿತ್ತು. ಹಿಂದೆ ಎಷ್ಟೋ ಸಲ ಹೇಳಿಯೂ ಇದ್ದ.

"ಬೇಕಿಲ್ಲ. ಅದರ ಪಾಡಿಗೆ ಅದು ಮಾಡ್ಕೊಳುತ್ತೆ."

"ಹಂಗಾದ್ರೆ ಹೊರಡ್ತೀರಾ?"

"ಇಲ್ಲ," ಎಂದ ಸಿದ್ದು.

ನಯನಾ ಬಾಗಿಲಿನ 'ಓಪನ್' ಬೋರ್ಡನ್ನು ಮೆಲ್ಲಗೆ ತಿರುಗಿಸಿ, ಒಳಗೆ ಹೋಗಿ ಕಾಫಿಗೆ ಹಾಲಿಟ್ಟಳು.