ಪಟ್ಟಿ ನುಡಿಯದ ಮಾತು

"ಆಗಲಿ, ಆಪರೇಷನ್ ಮಾಡಿ. ನನ್ನ ಒಪ್ಪಿಗೆಯಿದೆ."

ಮಾತಾಡಿದ್ದು ಫಕೀರಪ್ಪನವರ ಕುತ್ತಿಗೆಗೆ ಕಟ್ಟಿದ್ದ ತೆಳ್ಳನೆಯ ಪಟ್ಟಿ. ದನಿ ಮಾತ್ರ ಅವರದೇ. ಲಕ್ವಾ ಹೊಡೆಯುವ ಮುನ್ನ ಅವರು ಹುಬ್ಬಳ್ಳಿಯ ಗರಡಿಮನೆಯಲ್ಲಿ ಕುಸ್ತಿ ಕಲಿಸುತ್ತಿದ್ದರು. ಆಗಿನ ವಿಡಿಯೊಗಳಿಂದ ಆ ಗಡಸು ದನಿಯನ್ನು ಆರಿಸಿ ತುಂಬಲಾಗಿತ್ತು. ತಲೆಯೊಳಗಿನ ಚಿಪ್ ಮಿದುಳಿನ ಸಂಕೇತಗಳನ್ನು ಓದಿದರೆ ಪಟ್ಟಿ ನುಡಿಯುತ್ತಿತ್ತು. ಆ ಹೊತ್ತಿಗೆ, ಬಾಯಿ ಬಿದ್ದುಹೋದ ಸಾವಿರಾರು ಜನ ಈ ನುಡಿಪಟ್ಟಿಯಿಂದ ಮತ್ತೆ ಮಾತಾಡುತ್ತಿದ್ದರು. ಅದನ್ನು ರೂಪಿಸಿದ ಮೈಸೂರಿನ ವಿಜ್ಞಾನಿ ಡಾ. ಕೌಸಲ್ಯಾ ಅಂದು ಆಸ್ಪತ್ರೆಯಲ್ಲೇ ಇದ್ದರು.

ಒಪ್ಪಿಗೆ ಕೇಳಲು ಬಂದಿದ್ದ ಸರ್ಜನ್ ಹೊರಗೆ ಹೋದ ಮೇಲೆ ಫಕೀರಪ್ಪನವರ ಹೆಂಡತಿ ಶಂಕ್ರವ್ವ ಕೌಸಲ್ಯಾರಿಗೆ ಮೆಲ್ಲಗೆ ಹೇಳಿದರು: "ಮೇಡಂ, ದನಿ ಇವರದ ಐತ್ರಿ. ಮಾತು ಇವರದಲ್ಲ."

"ಯಾಕಮ್ಮ ಹಾಗಂತೀರಿ?"

"ಇವರು ಯಾವತ್ತೂ ಒಂದ ಮಾತಿಗೆ ಹೂಂ ಅಂದಾವರಲ್ರಿ. ಕಣ್ಣ ನೋಡ್ರಿ, ಬ್ಯಾರೇನ ಹೇಳಾಕತ್ತಾವು."

ಕೌಸಲ್ಯಾ ನೋಡಿದರು. ಸರಿಯಾಗಿದ್ದ ಒಂದು ಕೈ ಹಾಸಿಗೆಯನ್ನು ಹಿಂಡುತ್ತಿತ್ತು.

ಸಾಧನದಲ್ಲಿ ಎರಡು ಪದರಗಳಿದ್ದವು. ಕೆಳಗಿನದು ಕಂಪೈಲ್ ಆದ ಪ್ರೋಗ್ರಾಂ. ಒಂದೇ ಸಲಕ್ಕೆ ಯಂತ್ರಭಾಷೆಗೆ ಇಳಿಸಿ ಮುದ್ರೆಯೊತ್ತಿದ್ದರಿಂದ ಅದಕ್ಕೆ ವೇಗ ಹೆಚ್ಚು, ಆದರೆ ಒಳಗೆ ಕೈಹಾಕುವಂತಿಲ್ಲ. ಮೇಲಿನದು ಅದರೊಡನೆ ಕೂರಿಸಿದ್ದ ಇಂಟರ್‌ಪ್ರಿಟರ್, ಸ್ಕ್ರಿಪ್ಟನ್ನು, ಅಂದರೆ ಬರೆದಿಟ್ಟ ಸೂಚನೆಗಳನ್ನು, ಸಾಲುಸಾಲಾಗಿ ಓದಿ ಹಾಗೆಯೇ ನಡೆಸುವ ದುಭಾಷಿ. ಕೆಳಗಿನ ಪ್ರೋಗ್ರಾಂ ಖಚಿತವೆನಿಸಿದ ಪದಗಳನ್ನಷ್ಟೇ ದುಭಾಷಿಗೆ ಒಪ್ಪಿಸುತ್ತಿತ್ತು. ದುಭಾಷಿ ನಡುವಿನ ಖಾಲಿ ಜಾಗವನ್ನು ತಾನೇ ಊಹಿಸಿ ತುಂಬಿ, ಅವನ್ನು ನಯವಾದ ವಾಕ್ಯ ಮಾಡುತ್ತಿತ್ತು. ಅನುಮಾನದ ಪದಗಳೂ ಔಟ್‌ಪುಟ್ ಆಗಿ ಹೊರಬರುತ್ತಿದ್ದವು. ಪ್ರಯೋಗಾಲಯದಲ್ಲಿ ಅವು ಪರದೆಯ ಮೇಲೆ ಕಾಣುತ್ತಿದ್ದವು. ರೋಗಿಯ ಕುತ್ತಿಗೆಯಲ್ಲಿ ಪರದೆಯೆಲ್ಲಿ? ಅವು ಯಾರನ್ನೂ ತಲುಪದೆ ಅಳಿಸಿಹೋಗುತ್ತಿದ್ದವು.

ಕೌಸಲ್ಯಾ ಅಲ್ಲೇ ಕುಳಿತು ಸ್ಕ್ರಿಪ್ಟಿಗೆ ಕೆಲವು ಸಾಲು ಸೇರಿಸಿದರು. ಪರದೆಗೆಂದು ಹೊರಟ ಔಟ್‌ಪುಟ್ಟಿನ ದಾರಿ ತಿರುಗಿಸಿ, ಅದು ದುಭಾಷಿಗೇ ಬಂದು ಸೇರುವಂತೆ ಮಾಡಿದರು. ಬಂದದ್ದನ್ನು ತಿದ್ದದೆ ನುಡಿಯಬೇಕೆಂದು ಬರೆದರು. ಆಮೇಲೆ ಆಪರೇಷನ್ ಮಾಡಬಹುದೇ ಎಂಬ ಮೊದಲಿನ ಪ್ರಶ್ನೆಯನ್ನೇ ಕೇಳಿದರು.

ಪಟ್ಟಿ ತೊದಲಿತು: "ಆಪ... ಬ್ಯಾ... ಮನಿ. ಹೆದರ್... ಬ್ಯಾಡ. ಶಂಕ್ರಿ, ಮನಿ."

ಶಂಕ್ರವ್ವ ಗಂಡನ ಕೈ ಹಿಡಿದರು. "ಆತ್ರಿ. ಹೋಗೂಣು."

ಮರಳಿ ಬಂದ ಸರ್ಜನ್ ಒಪ್ಪಲಿಲ್ಲ. "ಇವು ಖಚಿತವಲ್ಲದ ಪದಗಳು ಮೇಡಂ. ನಂಬೋದು ಹೇಗೆ?"

"ಸಲೀಸಾಗಿ ಬಂದಿದ್ದನ್ನ ಮಾತ್ರ ಇಷ್ಟು ದಿನ ಯಾಕೆ ನಂಬಿದ್ವಿ ಅಂತ ನಾನು ಯೋಚಿಸ್ತಿದೀನಿ," ಎಂದರು ಕೌಸಲ್ಯಾ.

ಆಪರೇಷನನ್ನು ಮುಂದೂಡಿದರು. ಕೈ ಹಿಸುಕಿ ಉತ್ತರಿಸಲು ಹೇಳಿ, ಬೇರೆ ಬೇರೆ ದಿನ ಕೇಳಿದರು. ಬೇಡವೆಂಬ ಉತ್ತರ ಬದಲಾಗಲಿಲ್ಲ. ಫಕೀರಪ್ಪ ಮನೆಗೆ ಹೋದರು. ಚಳಿಗಾಲ ಮುಗಿಯುವ ಮುನ್ನ ತೀರಿಕೊಂಡರು. ಅಷ್ಟು ದಿನವೂ ತೊದಲುತ್ತಲೇ ಹೆಂಡತಿಯೊಡನೆ ಜಗಳವಾಡಿದರಂತೆ.

ಎಲ್ಲ ಪಟ್ಟಿಗಳಿಗೂ ಹೊಸ ಸ್ಕ್ರಿಪ್ಟ್ ಹೋಯಿತು. ಹಳೆಯ ಪಟ್ಟಿಯ ಮೂಲಕ ಆಪರೇಷನ್‌ಗೆ ಒಪ್ಪಿಗೆ ಕೊಟ್ಟಿದ್ದವರ ಮನೆಗಳಿಗೆ ಕೌಸಲ್ಯಾ ತಾವೇ ಫೋನ್ ಮಾಡಿದರು. ಗದಗಿನ ರೇಣುಕಾ ಎಂಬ ಶಿಕ್ಷಕಿಯ ತಾಯಿ ಆಪರೇಷನ್ ಟೇಬಲ್ ಮೇಲೆಯೇ ಸತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ರೇಣುಕಾ ಒಂದೇ ಪ್ರಶ್ನೆ ಕೇಳಿದರು.

"ಅವತ್ತು ನಮ್ಮವ್ವ ಮತ್ತೇನರ ಹೇಳಿದ್ಲೇನ್ರಿ?"

"ಗೊತ್ತಿಲ್ಲಮ್ಮ. ಅದನ್ನ ಕೇಳಿಸ್ಕೊಳ್ಳೋಕೆ ನಾವು ದಾರಿ ಇಟ್ಟಿರಲಿಲ್ಲ."

"ದಾರಿ ಇತ್ರಿ," ಎಂದರು ರೇಣುಕಾ. "ಆಕಿ ನನ್ನ ಸೆರಗ ಹಿಡ್ಕೊಂಡಿದ್ಲು. ಪಟ್ಟಿ ಹೂಂ ಅಂತು ಅಂತ ನಾನ ಬಿಡಿಸ್ಕೊಂಡೆ."