ಕೂಗಿದ ಬೆಲೆ, ಕೊಟ್ಟ ಬೆಲೆ

"ನಲವತ್ತು ಸಾವಿರಕ್ಕ ಮೂರು ಸಲ ಕೂಗಿ ಬಿಟ್ಟದ್ದು ನಾನ ಕೇಳೇನಿ. ಐವತ್ತು ಹೆಂಗಾತವಾ?"

ನೀಲಕ್ಕ ದನಿ ಏರಿಸಲಿಲ್ಲ. ಏರಿಸಿದ್ದರೆ ಸೊಸೆ ಶೀತಲ್‌ಗೆ ಇಷ್ಟು ಭಯವಾಗುತ್ತಿರಲಿಲ್ಲ. ಕೊಡಿಗೇಹಳ್ಳಿಯ ಈ ಮನೆಗೆ ಬಂದ ಮೇಲೆ ಅತ್ತೆಯ ಬೈಗುಳ ಅವಳಿಗೆ ಅಭ್ಯಾಸವಾಗಿತ್ತು. ಈ ತಣ್ಣನೆಯ ದನಿ ಹೊಸದು. ಮೇಜಿನ ಮೇಲೆ ಬೆಳಿಗ್ಗೆ ಕೊರಿಯರ್‌ನಲ್ಲಿ ಬಂದ ನಾಣ್ಯವಿತ್ತು, ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪು ಕಾಲದ ಬೆಳ್ಳಿ ರೂಪಾಯಿ. ಆಸೆಪಟ್ಟವರು ಮಾವ ವೀರಬಸಪ್ಪ. ಗದಗದ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಹಳೇ ನಾಣ್ಯವೆಂದರೆ ಊಟ ನಿದ್ದೆ ಬಿಡುತ್ತಿದ್ದರು. ಮೊದಲೆಲ್ಲ ಹರಾಜಿಗೆ ತಾವೇ ಹೋಗಿ ಕೈ ಎತ್ತಿ ಕೊಳ್ಳುತ್ತಿದ್ದರು. ಈಗ ಕಣ್ಣು ಮಂಜಾಗಿದ್ದರಿಂದ ಶೀತಲ್ ಮನೆಯವರೆದುರೇ ತನ್ನ ಫೋನಿನಲ್ಲಿ ಹರಾಜಿನ ನೇರಪ್ರಸಾರ ಹಚ್ಚಿ ಬಿಡ್ ಹಾಕಿ, ತನ್ನ ಸಂಬಳದ ಖಾತೆಯಿಂದಲೇ ಹಣ ಕಟ್ಟಿದ್ದಳು. ಮನೆಯ ದುಡ್ಡೆಲ್ಲ ನೀಲಕ್ಕನ ಕೈಯಲ್ಲಿತ್ತು, ಸೊಸೆ ಕಟ್ಟಿದ್ದನ್ನು ಅವರೇ ವಾಪಸ್ ಕೊಡಬೇಕಿತ್ತು.

ಶೀತಲ್ ಬಿಡಿಸಿ ಹೇಳಿದಳು. ಕೂಗಿದ ಬೆಲೆಯ ಮೇಲೆ ಕೊಂಡವರು ಹರಾಜು ನಡೆಸುವವರಿಗೆ ನೂರಕ್ಕೆ ಇಪ್ಪತ್ತರಂತೆ ಫೀಸು ಕೊಡಬೇಕು, ಅದಕ್ಕೆ ತೆರಿಗೆ ಬೇರೆ, ಕಳಿಸುವ ಖರ್ಚು ಬೇರೆ. ಫೋನಿನಲ್ಲಿ ಬಿಲ್ಲನ್ನೂ ತೋರಿಸಿದಳು. ನೀಲಕ್ಕ ನೋಡಲಿಲ್ಲ. ಫೋನಿನಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು ಎಂದರು. ಇಷ್ಟು ವರ್ಷ ಗಂಡ ಕೂಗಿದ ಬೆಲೆಯ ಮೇಲೆ ಒಂದು ಪೈಸೆ ಹೆಚ್ಚು ಕೊಟ್ಟಿಲ್ಲ, ಸೊಸೆ ಕೈಯಿಟ್ಟ ಕೂಡಲೇ ಹತ್ತು ಸಾವಿರ ಏರಿತೇ ಎಂದರು. ಶೀತಲ್‌ಳ ತಮ್ಮ ಮೊನ್ನೆ ಮೊನ್ನೆ ಹೊಸ ಬೈಕು ಕೊಂಡ ವಿಷಯವೂ ಆಗಲೇ ಮಾತಿಗೆ ಬಂತು.

ಶೀತಲ್‌ಳ ಗಂಡ ಶಿವಪ್ರಕಾಶ ತಂದೆಯ ಕಡೆ ತಿರುಗಿದ. "ಅಪ್ಪಾ, ನೀವು ತಗೊಳ್ಳುವಾಗ ಈ ಫೀಸು ಇತ್ತಾ?"

ವೀರಬಸಪ್ಪ ನಾಣ್ಯವನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದರು. "ನನಗ ನೆನಪಿಲ್ಲಪಾ," ಎಂದರು.

ನೆನಪಿಲ್ಲವೇ! ಹರಾಜಿನ ಹಿಂದಿನ ದಿನ ಇದೇ ಮಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಲವತ್ತಕ್ಕೆ ನಿಲ್ಲಿಸು, ಎಲ್ಲ ಸೇರಿ ಐವತ್ತರ ಹತ್ತಿರ ಹೋಗುತ್ತದೆ ಎಂದು ಬಾಯಿಲೆಕ್ಕದಲ್ಲೇ ಹೇಳಿದ್ದರು. ಅದನ್ನು ಹೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ಅಡುಗೆಮನೆಗೆ ನಡೆದಳು. ಈ ಮನೆಯಲ್ಲಿ ತನ್ನನ್ನು ಅಕ್ಕರೆಯಿಂದ 'ಅವ್ವಾ' ಎಂದು ಕರೆಯುವವರು ಅವರೊಬ್ಬರೇ... ಅವರೇ ಏಕೆ ಹೀಗೆ ಮಾಡಿದರು? ಮುಪ್ಪಿನ ಮರೆವೋ? ಇಲ್ಲವೇ ಬೇಕೆಂದೇ ತನ್ನನ್ನು ಸಿಕ್ಕಿಸಿದರೋ? ಅದೇ ಯೋಚನೆಯಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಗಂಡ ಎರಡು ಸಲ ಅಡುಗೆಮನೆಗೆ ಬಂದು, ಏನನ್ನೋ ಕೇಳಲು ಹೋಗಿ, ಕೇಳದೆ ಹೊರಗೆ ಹೋದ. ಅವನಿಗೂ ಅನುಮಾನ ಬಂದಿದೆ ಎಂದು ಅವಳಿಗೆ ತಿಳಿಯಿತು.

ಮಧ್ಯಾಹ್ನ ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಮಾವ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಫೀಸು ಮೊದಲಿನಿಂದಲೂ ಇತ್ತು ಎಂದು ಒಪ್ಪಿಕೊಂಡರು. ಹೆಂಡತಿಗೆ ಕೂಗಿದ ಬೆಲೆ ಮಾತ್ರ ಹೇಳಿ, ಉಳಿದದ್ದನ್ನು ಕೆಳಗಿನ ಅಂಗಡಿಯ ಬಾಡಿಗೆಯಿಂದ ಹೊಂದಿಸುತ್ತಿದ್ದರಂತೆ. ಅಂಗಡಿಯಲ್ಲಿ ಬಾಡಿಗೆಗಿದ್ದ ಮುನಿಆಂಜಿನಪ್ಪ ಕೊಡುತ್ತಿದ್ದದ್ದು ಒಂದು, ಇವರು ಮನೆಯಲ್ಲಿ ಹೇಳುತ್ತಿದ್ದದ್ದು ಇನ್ನೊಂದು.

"ಅಕಿಗೆ ಗೊತ್ತಾದ್ರ ಇನ್ನ ನನ್ನ ಒಂದು ಮಾತೂ ನಂಬೂದಿಲ್ಲವ್ವಾ," ಎಂದು ಸೊಸೆಗೆ ಕೈ ಮುಗಿದರು. ಹಿರಿಯರು ಹಾಗೆ ಕೈ ಮುಗಿದದ್ದು ಕಂಡು ಶೀತಲ್‌ಗೆ ಸಿಟ್ಟೂ ಬಂತು, ಅಳುವೂ ಬಂತು.

ಸಂಜೆ ಪೂಜೆ ಮುಗಿಸಿದ ನೀಲಕ್ಕ ಎಲ್ಲರನ್ನೂ ನಡುಮನೆಗೆ ಕರೆದರು.

"ಕೊರಳಾಗಿನ ಲಿಂಗ ಮುಟ್ಟಿ ಹೇಳು. ಒಂದು ರೂಪಾಯಿನೂ ತಗೊಂಡಿಲ್ಲಂತ ಹೇಳು, ಈಗಿಂದೀಗ ಐವತ್ತೂ ಕೊಡ್ತೀನಿ."

ಶೀತಲ್‌ಳ ಕೈ ತಾನಾಗಿ ಕೊರಳಿಗೆ ಹೋಯಿತು. ನಿಜ ಹೇಳುವುದಕ್ಕೇನು ಹೆದರಿಕೆ? ಆದರೆ ಹೇಳಿದ ಮರುಗಳಿಗೆ ಅತ್ತೆ ಗಂಡನ ಕಡೆ ತಿರುಗುತ್ತಾರೆ... ಹಾಗಾದರೆ ಇಷ್ಟು ವರ್ಷ ನೀವು ಹೇಳಿದ್ದೇನು ಎಂದು ಕೇಳುತ್ತಾರೆ. ಮೂಲೆಯ ಕುರ್ಚಿಯಲ್ಲಿ ಮಾವ ತಲೆ ತಗ್ಗಿಸಿ ಕೂತಿದ್ದರು. ಲಿಂಗ ಹಿಡಿದು ಸುಳ್ಳಾಡಲಾರಳು, ನಿಜ ಹೇಳಿ ಅವರ ಮಾನ ಕಳೆಯಲಾರಳು. ಕೈ ಕೆಳಗಿಳಿಸಿದಳು.

"ನಿಮ್ಮ ದುಡ್ಡು ಬೇಡ ಅತ್ತೆ. ನನ್ನ ಸಂಬಳದಲ್ಲೇ ಹೋಗ್ಲಿ, ಬಿಡಿ."

ನೀಲಕ್ಕ 'ಕಂಡೆಯಾ?' ಎಂಬಂತೆ ಮಗನನ್ನು ನೋಡಿದರು. ಶಿವಪ್ರಕಾಶ ಹೆಂಡತಿಯ ಮುಖ ನೋಡದೆ ಎದ್ದು ಬಾಗಿಲ ಕಡೆ ನಡೆದ. ಅತ್ತೆಯ ಮಾತನ್ನೆಲ್ಲ ತಡೆದುಕೊಂಡಿದ್ದ ಶೀತಲ್‌ಗೆ ಇದನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

"ನಿಲ್ಲಪಾ." ವೀರಬಸಪ್ಪ ಎದ್ದು ನಿಂತಿದ್ದರು. "ಅಕಿ ಕಳ್ಳಿ ಅಲ್ಲ. ಕಳ್ಳ ನಾನು."

ಫೀಸು, ಬಾಡಿಗೆ, ಇಷ್ಟು ವರ್ಷದ ಸುಳ್ಳು, ಒಂದನ್ನೂ ಮುಚ್ಚಿಡದೆ ಹೇಳಿದರು. ಶಿವಪ್ರಕಾಶ ಹಿಂದಿರುಗಿ ಬಂದು ಹೆಂಡತಿಯ ಪಕ್ಕ ನಿಂತ. ನೀಲಕ್ಕ ಅಳಲಿಲ್ಲ, ಬೈಯಲಿಲ್ಲ. ಒಳಗಿನಿಂದ ಹಣ ತಂದು ಸೊಸೆಗೆ ಕೊಟ್ಟರು. ಆಮೇಲೆ ಸೊಂಟದಲ್ಲಿದ್ದ ಬೀರುವಿನ ಬೀಗದ ಕೈಯನ್ನೂ ಬಿಚ್ಚಿ ಅವಳ ಕೈಯಲ್ಲಿಟ್ಟರು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಆ ಮನೆಯಲ್ಲಿ ಶೀತಲ್ ಹೇಳಿದ್ದೇ ಕೊನೆ. ವೀರಬಸಪ್ಪ ಹರಾಜಿನ ಸುದ್ದಿಯನ್ನೇ ಬಿಟ್ಟಿದ್ದಾರೆ. ಬೆಳಿಗ್ಗೆ ಗಾಡಿಯಿಂದ ಸೊಪ್ಪು ತಂದು ಅವರು ಬೆಲೆ ಹೇಳಿದರೆ ನೀಲಕ್ಕ ಮಾತಾಡುವುದಿಲ್ಲ, ಅಡುಗೆಮನೆಯ ಕಡೆ ತಿರುಗಿ, "ಖರೇನೇನವಾ?" ಎಂದು ಸೊಸೆಯನ್ನು ಕೇಳುತ್ತಾರೆ. ಮಾವ ಚೀಲ ಹಿಡಿದು ಹೊಸ್ತಿಲಲ್ಲೇ ಕಾಯುತ್ತಾರೆ. ಅಂದಿನ ಸೊಪ್ಪಿನ ಬೆಲೆ ಶೀತಲ್‌ಗೆ ಗೊತ್ತಿರುವುದಿಲ್ಲ. ಆದರೂ ದಿನವೂ ಅವಳು, ಹೌದು ಅತ್ತೆ, ಎನ್ನುತ್ತಾಳೆ.