ಗಾಲೀಚಾ ಮನೆಗೆ ಹೊಸ ಮಷೀನು

ಕಸ್ತೂರಿಬಾಯಿಯವರು ಲಿಂಗೈಕ್ಯರಾದ ಸುದ್ದಿ ನಾಶಿಕಕ್ಕೆ ಬಂದಾಗ ಮಗಳು ನೀಲಾಂಬಿಕಾ ಮನೆಯ ಹಾಲ್‌ನಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಿಸುತ್ತಿದ್ದಳು. ಅದರ ಸದ್ದಿನಲ್ಲಿ ಫೋನು ಕೇಳಿಸಲಿಲ್ಲ. ನೋಡಿದಾಗ ಏಳು ಸಲ ಕರೆ ಬಂದುಹೋಗಿತ್ತು. ಎಂಟನೆಯ ಕರೆಯನ್ನು ಎತ್ತಿಕೊಂಡು ಅವಳು ವರಾಂಡಕ್ಕೆ ಬಂದಳು.

"ನಾ ರವಿಕುಮಾರ ರೀ, ಸಂಭಾಜಿನಗರದಿಂದ. ಕೂತೀರೇನು? ಮೊದ್ಲು ಕೂಡ್ರಿ."

"ಏನಾಯ್ತು ಹೇಳ್ರಿ."

"ಆಯಿ ಹೋದ್ರು ರೀ."

ತಾಯಿ ಎರಡು ದಿನದ ಹಿಂದೆ ವೇರೂಳಿನ ಘೃಷ್ಣೇಶ್ವರನ ದರ್ಶನಕ್ಕೆಂದು ಹೋಗಿ, ಸಂಭಾಜಿನಗರದಲ್ಲಿ ತಂಗಿ ಜಗದೇವಿಯ ಮನೆಯಲ್ಲಿ ಇಳಿದುಕೊಂಡಿದ್ದರು. ದರ್ಶನ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡಿತು. ಗಾಬರಿಯಾದ ಜಗದೇವಿ ಪಕ್ಕದ ರಿಪೇರಿ ಅಂಗಡಿಗೆ ಓಡಿದಳು. ಅಂಗಡಿಯ ರವಿಕುಮಾರನೇ ಕಸ್ತೂರಿಬಾಯಿಯವರನ್ನು ಎತ್ತಿ ಆಟೋದಲ್ಲಿ ಕೂರಿಸಿ ದವಾಖಾನೆಗೆ ಒಯ್ದ. ಕೊನೆಯವರೆಗೂ ಪಕ್ಕದಲ್ಲಿದ್ದ.

ಒಳಗೆ ಮಷೀನು ಓಡುತ್ತಲೇ ಇತ್ತು. ತಂದೆಯನ್ನು ಹಿಡಿದುಕೊಂಡು ಅಳುತ್ತಿದ್ದವಳಿಗೆ ಅದನ್ನು ನಿಲ್ಲಿಸುವ ನೆನಪೇ ಬರಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ನೆರೆಮನೆಯ ಮಂಗಲಾತಾಯಿ ಓಡಿಬಂದು ಪ್ಲಗ್ ಕಿತ್ತಳು. ಮೋಟಾರು ಆ ದಿನವೇ ಸುಟ್ಟುಹೋಯಿತು.

ಅದು ಗಾಲೀಚಾಗಳ ಮನೆ. ತಂದೆ ವಿಶ್ವನಾಥಪ್ಪನವರು ಬಸವಕಲ್ಯಾಣದಿಂದ ಬಂದು ಮೂವತ್ತು ವರ್ಷ ನಾಶಿಕದಲ್ಲಿ ಗಾಲೀಚಾ ಮಾರಿದವರು. ಅಂಗಡಿ ಮುಚ್ಚಿದಾಗ ಉಳಿದ ಸರಕನ್ನೆಲ್ಲ ತಂದು ಗೋಡೆಯಿಂದ ಗೋಡೆಗೆ ಹಾಸಿಬಿಟ್ಟರು. ಹಾಲ್‌ನದು ಕೆಂಪು, ಕೋಣೆಗಳದು ಹಸಿರು, ಅಡುಗೆಮನೆಗೆ ಹೋಗುವ ಹಾದಿಯದು ಯಾರೂ ಕೊಳ್ಳದೆ ಉಳಿದಿದ್ದ ನೇರಳೆ. ಹೆಂಡತಿಗೆ ಅದರಿಂದ ಆದ ಲಾಭವೆಂದರೆ ಸೋಮವಾರದ ಭಜನೆ. ಬೀದರ, ಕಲಬುರಗಿ ಕಡೆಯ ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು ಬಂದು ಆರಾಮಾಗಿ ಕೂಡುತ್ತಿದ್ದರು.

ಬಂದವರೆಲ್ಲ ಹಣೆತುಂಬ ವಿಭೂತಿ ಧರಿಸುವವರು. ವಿಭೂತಿ ಉದುರುತ್ತಿತ್ತು. ಕಸ್ತೂರಿಬಾಯಿಯವರು ಅದನ್ನು ಪೊರಕೆಯಿಂದ ಗುಡಿಸಗೊಡುತ್ತಿರಲಿಲ್ಲ, ಕಸದ ಬುಟ್ಟಿಗೆ ಹಾಕಗೊಡುತ್ತಿರಲಿಲ್ಲ. ಮಷೀನಿನಿಂದ ಎಳೆದು, ಅದರ ಬಟ್ಟೆಯ ಚೀಲವನ್ನು ಬಿಲ್ವದ ಕುಂಡದಲ್ಲಿ ಜಾಡಿಸುತ್ತಿದ್ದರು. ಭಕ್ತಿಯೇನೋ ದೊಡ್ಡದು. ಆದರೆ ಆ ನುಣುಪು ಬೂದಿ ಚೀಲದ ಬಟ್ಟೆಯನ್ನೂ ದಾಟಿ ಮೋಟಾರಿಗೆ ಹೋಗಿ ಕೂಡುತ್ತಿತ್ತು. ಎರಡು ತಿಂಗಳಿಗೊಮ್ಮೆ ಮಷೀನು ಕೆಮ್ಮಿ ನಿಲ್ಲುತ್ತಿತ್ತು. ಆಗ, ಮೂರು ವರ್ಷದ ಹಿಂದೆ ಜಗದೇವಿ ಗೊತ್ತುಮಾಡಿಕೊಟ್ಟಿದ್ದ ರವಿಕುಮಾರ ಬರುತ್ತಿದ್ದ.

ಸಂಭಾಜಿನಗರದಿಂದ ನಾಶಿಕಕ್ಕೆ ಬಸ್ಸಿನಲ್ಲಿ ಐದು ತಾಸು. "ಇಲ್ಲಿ ಬೇರೆ ಗಿರಾಕಿನೂ ಅದಾರ ರೀ," ಎನ್ನುತ್ತಿದ್ದ. ಮೂವತ್ತೆಂಟರ ಮನುಷ್ಯ, ಆಳಂದದವನು, ಮಾತು ಕಡಿಮೆ. ಮಷೀನು ಬಿಚ್ಚಿ ಹರವಿಕೊಂಡು ಕೂತರೆ ಕಣ್ಣು ಮಾತ್ರ ಆಗಾಗ ಅಡುಗೆಮನೆಯ ಬಾಗಿಲಿನತ್ತ ಹೋಗುತ್ತಿತ್ತು. ನೀಲಾಂಬಿಕಾ ಚಹಾ ತಂದಿಟ್ಟರೆ ಅದೇ ಕಣ್ಣು ಥಟ್ಟನೆ ಸ್ಕ್ರೂಗಳ ಮೇಲೆ ಬೀಳುತ್ತಿತ್ತು. ಅವಳು ನಾಶಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವಳು. ಸ್ಕ್ರೂ ಎಣಿಸುವವರನ್ನು ದಿನವೂ ನೋಡುತ್ತಿದ್ದಳು. ಇಷ್ಟು ಹೊತ್ತು ಎಣಿಸುವವರನ್ನು ನೋಡಿರಲಿಲ್ಲ.

ತಾಯಿಯ ಶಿವಗಣಾರಾಧನೆ ಮುಗಿದು ಎರಡು ವಾರದ ಮೇಲೆ ವಿಶ್ವನಾಥಪ್ಪನವರು ಮಗಳನ್ನು ಕರೆದರು.

"ಬರೂ ಸೋಮವಾರದಿಂದ ಭಜನಿ ಚಾಲೂ ಮಾಡಮ್ಮು. ಗಾಲೀಚಾದಾಗ ಧೂಳು ಕುಂತದ. ಹೊಸಾ ಮಷೀನ್ ತಗೊ. ರವೀನ್ನ ಕೇಳು, ಅವಗ ತಿಳೀತದ."

ಫೋನು ಮಾಡಿದರೆ ಅವನು, "ಫೋನಿನ್ಯಾಗ ಹೇಳೂ ಮಾತಲ್ಲ ರೀ, ಬರ್ತೀನಿ," ಎಂದ. ಶನಿವಾರ ಬೆಳಿಗ್ಗೆ ಬಂದೇಬಿಟ್ಟ.

ಕಾಲೇಜ್ ರೋಡಿನ ಶೋರೂಮಿನಲ್ಲಿ ರಾಕೇಶ ಎಂಬ ಸೇಲ್ಸ್‌ಮನ್ ಐದಾರು ಮಷೀನು ಸಾಲಾಗಿ ಇಟ್ಟ. "ಮ್ಯಾಡಮ್, ಘರಾತ ಕುತ್ರಾ ಆಹೇ ಕಾ?" ಎಂದು ಕೇಳಿದ.

"ನಾಯಿ ಇಲ್ಲ," ಎಂದು ಅವಳು ಮರಾಠಿಯಲ್ಲೇ ಉತ್ತರಿಸಿದಳು. "ಭಜನೆಯವರಿದ್ದಾರೆ."

ರಾಕೇಶನಿಗೆ ಏನೂ ತಿಳಿಯಲಿಲ್ಲ. ರವಿಕುಮಾರ ಜೇಬಿನಿಂದ ವಿಭೂತಿಯ ಗಟ್ಟಿ ತೆಗೆದ. ಶೋರೂಮಿನ ಡೆಮೊ ಕಾರ್ಪೆಟ್ಟಿನ ಮೇಲೆ ಕರಕರನೆ ಪುಡಿಮಾಡಿ ಉದುರಿಸಿದ.

"ಅರೆ ದಾದಾ! ಹೇ ಕಾಯ್?"

"ನಮ್ಮ ಮನಿ ಧೂಳು ಇದು. ಇದನ್ನ ಎಳೀಲಿ, ನೋಡೂಣು."

'ನಮ್ಮ ಮನಿ' ಎಂದದ್ದು ತನ್ನ ಕಿವಿಗೇ ಬಿದ್ದು ಅವನು ತಲೆ ತಗ್ಗಿಸಿದ. ನೀಲಾಂಬಿಕಾ ಕೇಳಿಸದವಳಂತೆ ಮಷೀನಿನ ಬ್ರಷ್ ತಿರುಗಿಸಿ ನೋಡಿದಳು. ತಾಯಿ ಹೋದ ಮೇಲೆ ಮೊದಲ ಸಲ ಅವಳ ತುಟಿಯ ಅಂಚಿನಲ್ಲಿ ನಗು ಬಂದಿತ್ತು.

ಮೊದಲನೆಯ ಮಷೀನು ಬೂದಿಯನ್ನು ಮುಂದಿನಿಂದ ಎಳೆದು ಹಿಂದಿನಿಂದ ಊದಿತು. ರಾಕೇಶನ ಕರಿ ಪ್ಯಾಂಟು ಬಿಳಿದಾಯಿತು. ಎರಡನೆಯದರಲ್ಲಿ ಚೀಲವೇ ಇಲ್ಲ, ಪ್ಲಾಸ್ಟಿಕ್ ಡಬ್ಬಿ, ಚೆನ್ನಾಗಿಯೇ ಎಳೆಯಿತು. "ಆದ್ರ ಡಬ್ಬಿ ಖಾಲಿ ಮಾಡೂಮುಂದ ಮುಖದ ಮ್ಯಾಲೆ ಹಾರ್ತದ. ನಿಮ್ಮಪ್ಪಾರಿಗೆ ಕೆಮ್ಮು ಅದ, ಬ್ಯಾಡ್ರಿ," ಎಂದ ರವಿಕುಮಾರ. ಮೂರನೆಯದು ಹಗುರ, ಚಾರ್ಜ್ ಮಾಡುವಂಥದ್ದು. ದಪ್ಪ ಗಾಲೀಚಾದ ಮೇಲೆ ಉಸಿರು ಕಟ್ಟಿತು.

ನಾಲ್ಕನೆಯದರ ಹೊಟ್ಟೆಯಲ್ಲಿ ನೀರು. ಎಳೆದ ಧೂಳೆಲ್ಲ ನೀರಿಗೆ ಹೋಗಿ ಮುಳುಗುತ್ತದೆ. ಓಡಿಸಿ ಮುಚ್ಚಳ ತೆಗೆದರೆ ನೀರು ಹಾಲಿನಂತೆ ಬೆಳ್ಳಗಾಗಿತ್ತು. ಹೊರಗೆ ಒಂದು ಕಣವೂ ಇಲ್ಲ.

"ಈ ನೀರು ಹಂಗ ಬಿಲ್ವದ ಕುಂಡಕ್ಕ ಹಾಕಬಹುದು," ಎಂದ ರವಿಕುಮಾರ, ಮೆಲ್ಲಗೆ. "ಮೋಟಾರಿಗೆ ಬೂದಿ ಹೋಗಂಗಿಲ್ಲ. ಇದನ್ನ ತಗೋರಿ."

ರಾಕೇಶ ಪ್ಯಾಂಟು ಜಾಡಿಸಿಕೊಳ್ಳುತ್ತ ಉತ್ಸಾಹದಿಂದ ಹೇಳಿದ: ಐದು ವರ್ಷ ವಾರಂಟಿ, ಸರ್ವಿಸ್ ಸೆಂಟರ್ ನಾಶಿಕದಲ್ಲೇ, ಹೊರಗಿನ ಯಾವ ಮೆಕ್ಯಾನಿಕನೂ ಬೇಡ.

ನೀಲಾಂಬಿಕಾಳ ಕೈ ಹ್ಯಾಂಡಲಿನ ಮೇಲೆ ನಿಂತಿತು. "ಅಂದ್ರ ನೀವಿನ್ನ ಬರೂದು ಬ್ಯಾಡ," ಎಂದಳು ಕನ್ನಡದಲ್ಲಿ.

"ಬ್ಯಾಡ ರೀ."

ಅಷ್ಟೇ ಹೇಳಿದ. ತಾಯಿ ಹೋದ ಮೇಲೆ ಇವನೂ ಕೈ ತೊಳೆದುಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಸಿಟ್ಟು ಬಂತು, ಸಿಟ್ಟಿನಲ್ಲೇ ರಾಕೇಶನನ್ನು ಕೇಳಿದಳು, "ಇದು ಹೊಸ ಮಾಡೆಲ್ಲಾ?"

"ನಾಹೀ ಮ್ಯಾಡಮ್, ನಾಲ್ಕು ವರ್ಷದಿಂದ ಇದೆ."

ಬಿಲ್ಲು ಮಾಡಿಸಲು ರಾಕೇಶ ಒಳಗೆ ಹೋದ. ಅವಳು ರವಿಕುಮಾರನತ್ತ ತಿರುಗಿದಳು.

"ನಾಕ್ ವರ್ಷದಿಂದ ಇತ್ತಂತ. ನಿಮಗ ಗೊತ್ತಿತ್ತು?"

"ಗೊತ್ತಿತ್ತು ರೀ."

"ಮತ್ತ ಹೇಳಲಿಲ್ಲ? ನಮ್ಮವ್ವಗ ಪ್ರತಿ ಸಲ ಆ ಚೀಲ ಜಾಡಿಸಿ ಜಾಡಿಸಿ ಸಾಕಾಗ್ತಿತ್ತು."

ಅವನ ಕಿವಿ ಕೆಂಪಾದವು. ಕೈಯ ಬೂದಿಯನ್ನು ಉಜ್ಜಿಕೊಳ್ಳುತ್ತ ನಿಂತ.

"ಹೇಳಿದ್ರ ಮಷೀನ್ ಕೆಡ್ತಿರಲಿಲ್ಲ. ಕೆಡದಿದ್ರ ನಾ ಯಾಕ ಬರಬೇಕಿತ್ತು? ತಪ್ಪು ಮಾಡೀನಿ ರೀ."

"ನಾಶಿಕದಾಗ ಬೇರೆ ಗಿರಾಕಿ ಅದಾರ ಅಂತಿದ್ರಿ."

"ಒಬ್ಬರೂ ಇಲ್ಲ ರೀ."

ಐದು ತಾಸು ಬರುವುದು, ಐದು ತಾಸು ಹೋಗುವುದು, ನಡುವೆ ಒಂದು ಕಪ್ ಚಹಾ. ಮೂರು ವರ್ಷ. ಅವಳಿಗೆ ಸಿಟ್ಟನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು.

"ಮತ್ತ ಇವತ್ಯಾಕ ಖರೆ ಮಷೀನ್ ತೋರಿಸಿದ್ರಿ?"

ಅವನು ತಲೆಯೆತ್ತಿ ನೇರವಾಗಿ ನೋಡಿದ. ಹಾಗೆ ನೋಡಿದ್ದು ಅದೇ ಮೊದಲು.

"ದವಾಖಾನ್ಯಾಗ ಆಯಿ ನನ್ನ ಕೈ ಹಿಡಕೊಂಡಿದ್ರು. ನಿಮಗ ಫೋನ್ ಹಚ್ಚಲೇನ್ರಿ ಅಂದ್ರ, ಅಕಿ ಹಾಲ್ ಸ್ವಚ್ಛ ಮಾಡ್ಲತ್ತಿರಬೇಕು, ಗಾಬರಿ ಮಾಡಬ್ಯಾಡ ಅಂದ್ರು. ಆಮ್ಯಾಲೆ ನಕ್ಕು, 'ತಮ್ಮಾ, ಮಷೀನಿನ ನೆವ ಮಾಡ್ಕೊಂಡು ಎಷ್ಟ್ ದಿನಾ ಬರ್ತಿ? ಬರಂಗಿದ್ರ ಸೀದಾ ಬಾ' ಅಂದ್ರು. ಅವರಿಗೆಲ್ಲಾ ಗೊತ್ತಿತ್ತು ರೀ. ಅದಕ್ಕ ಮೊದ್ಲು ನೆವ ತಗದು ಹಾಕ್ದೆ. ಈಗ ಸೀದಾ ಕೇಳ್ತೀನಿ. ನನ್ನ ಮದುವಿ ಆಗ್ತೀರೇನು?"

ತಾಯಿ ಕೊನೆಯ ಗಳಿಗೆಯಲ್ಲಿ ನಕ್ಕಿದ್ದಳು ಎಂಬುದು ನೀಲಾಂಬಿಕಾಳಿಗೆ ಈಗ ತಿಳಿಯಿತು. ತಾಯಿ ಬದುಕಿದ್ದಾಗಲೇ ಬಂದಿದ್ದವೇನೋ ಎಂಬ ಆ ಏಳು ಕರೆಗಳ ಭಾರ ಮೂರು ವಾರದಿಂದ ಎದೆಯ ಮೇಲಿತ್ತು. ಅದನ್ನು ಇಳಿಸಿದವನು ಎದುರಿಗೆ ನಿಂತಿದ್ದ. ಕಣ್ಣೊರೆಸಿಕೊಂಡಳು.

"ಅಪ್ಪನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ."

"ಬರ್ರಿ ಅಂತ ಯಾರ್ ಹೇಳಿದ್ರು? ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲಿ ಹೋದ್ರೂ ಕೆಲಸ ಮಾಡ್ತಾವ. ಅಂಗಡಿ ಹಾಕಲಿಕ್ಕೆ ಸಾತಪುರದಾಗ ಒಂದು ಗಾಳಾ ನೋಡೀನಿ."

"ಆಗಲೇ ನೋಡೀರಿ?"

"ಬಸ್ ಇಳದ ಕೂಡ್ಲೆ."

ಅವಳು ನಕ್ಕೇಬಿಟ್ಟಳು. "ಮಷೀನಿಗೆ ಐದ್ ವರ್ಷ ವಾರಂಟಿ ಅಂತ. ನಿಮಗ ಎಷ್ಟು?"

"ಆಯುಷ್ಯ ಶಿವನ ಕೈಯಾಗ ಅದ ರೀ. ಇರೂತನಕ ಕೆಡಂಗಿಲ್ಲ."

ಮನೆಗೆ ಬಂದು ಮಷೀನನ್ನು ಇಳಿಸಿ ಇಬ್ಬರೂ ಅದರ ಪಕ್ಕ ನಿಂತರು. ವಿಶ್ವನಾಥಪ್ಪನವರು ಮಷೀನನ್ನು ನೋಡಲಿಲ್ಲ, ಇವರ ಮುಖ ನೋಡಿದರು. ಮಗಳು ನೆಲ ನೋಡುತ್ತ ವಿಷಯ ಹೇಳಿದಳು. "ಆದ್ರ ಅಪ್ಪಾ, ಅವ್ವ ಹೋಗಿ ಇನ್ನೂ ತಿಂಗಳಾಗಿಲ್ಲ. ಮಂದಿ ಸೂತಕ ಅಂತಾರ. ನಿಮ್ಮ ಊಟ, ಔಷಧ..."

"ಲಿಂಗ ಕಟ್ಟಿದವರಿಗೆ ಎಲ್ಲಿಯ ಸೂತಕ?" ಎಂದರು ಅವರು. "ನನ್ನ ಊಟದ ನೆವ ನೀನೂ ಮಾಡಬ್ಯಾಡ, ತಂಗೀ. ಇವನಕಿಂತ ಮೊದ್ಲು ಎಷ್ಟು ವರ ಬಂದ್ರೂ ಅದ ನೆವ ಹೇಳಿದಿ. ನಿಮ್ಮವ್ವಗ ಅದೊಂದ ಕೊರಗಿತ್ತು." ಆಮೇಲೆ ರವಿಕುಮಾರನ ಎರಡೂ ಕೈ ಹಿಡಿದುಕೊಂಡರು. "ಅಕಿ ಕಡೀ ಗಳಿಗ್ಯಾಗ ಹಿಡಿದ ಕೈ ಇದು. ನಾ ಇಲ್ಲಿದ್ದೆ, ನೀ ಅಲ್ಲಿದ್ದಿ. ನಿನ್ನ ಉಪಕಾರ ಹೆಂಗ ಮರೀಲೋ ರವಿ?"

ಸೋಮವಾರ ಸಂಜೆ ಹೆಣ್ಣುಮಕ್ಕಳೆಲ್ಲ ಬಂದರು. ಕೆಂಪು ಗಾಲೀಚಾ ಹೊಸದರಂತೆ ಕಾಣುತ್ತಿತ್ತು. ಎಲ್ಲರೂ ಒತ್ತಿ ಕೂತರೂ ಕಸ್ತೂರಿಬಾಯಿಯವರು ಕೂಡುತ್ತಿದ್ದ ಕಂಬದ ಹತ್ತಿರದ ಜಾಗವನ್ನು ಯಾರೂ ತುಂಬಲಿಲ್ಲ. ವಿಶ್ವನಾಥಪ್ಪನವರೇ ನೀಲಾಂಬಿಕಾಳನ್ನೂ ರವಿಕುಮಾರನನ್ನೂ ಕರೆದು ಅಲ್ಲಿ ಕೂರಿಸಿದರು. ಸೆರಗಿನ ಮರೆಯಲ್ಲಿ ಅವಳ ಕಿರುಬೆರಳು ಅವನ ಕೈಗೆ ತಾಗಿತು, ಇಬ್ಬರೂ ತೆಗೆದುಕೊಳ್ಳಲಿಲ್ಲ.

ಮಂಗಳಾರತಿಯಾದ ಮೇಲೆ ವಿಶ್ವನಾಥಪ್ಪನವರು ಎದ್ದು ನಿಂತು ಕೈಮುಗಿದರು.

"ತಂದೆ ಪರಮೇಶ್ವರಾ, ನಲವತ್ತು ವರ್ಷ ಅಕಿನ್ನ ನನ್ನ ಜೋಡಿ ಇಟ್ಟಿದ್ದಿ, ನಿನಗ ಶರಣು. ಹೋಗೂಮುಂದ ಅಕಿನ್ನ ಒಬ್ಬಾಕಿನ್ನ ಮಾಡಲಿಲ್ಲ, ಅದಕ್ಕೂ ಶರಣು. ಬಂದ ಮಂದಿಗೆಲ್ಲಾ ಹಾಸಿ ಕೂಡ್ರಿಸಿದ ಜೀವ ಅದು, ತಾನು ಒಂದಿನಾನೂ ದಣಿವಾರಿಸಿಕೊಳ್ಳಲಿಲ್ಲ. ಈಗ ನಿನ್ನ ಪಾದದ ಹತ್ತಿರ ಅಕಿಗೆ ತಂಪಾಗಿ ಕೂಡ್ರಲಿಕ್ಕೆ ಜಾಗಾ ಕೊಡು. ಅಕಿ ಆತ್ಮಕ್ಕ ಶಾಂತಿ ಕೊಡು, ಮಹಾದೇವಾ."